ಫೋರ್‌ವೀಲ್ ಹಾಕಿದಾಗ ಗಾಡಿ ಏಕೆ ಬೈಯುತ್ತದೆ: ಸಹಜ ಸದ್ದು, ಸಹಜವಲ್ಲದ ಸದ್ದು

ಕಾಫಿ ಕಣದ ಸಿಮೆಂಟಿನ ಮೇಲೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿ ಶೆಡ್ಡಿಗೆ ಹಾಕುತ್ತಿದ್ದೆ. ಮಾರುತಿಯ ಫೋರ್‌ವೀಲ್ ಗಾಡಿ ಜಿಮ್ನಿ ಕೊಂಡು ಎರಡು ವಾರವಾಗಿತ್ತು. ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಕ್ಲಚ್ ಬಿಟ್ಟರೆ, ಗಾಡಿ ಒಂದು ಅಡಿ ಸರಿದು, ಯಾರೋ ಮುಂದಿನಿಂದ ಹಗ್ಗ ಕಟ್ಟಿ ಜಗ್ಗಿದಂತೆ ನಿಂತುಬಿಟ್ಟಿತು. ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಕೆಳಗಿನಿಂದ ಧಡ್ ಎಂದು ಒಂದು ಹೊಡೆತ, ಮುಂದಿನ ಟೈರು ಸಿಮೆಂಟನ್ನು ಕೆರೆದ ಕಿರ್ ಸದ್ದು, ಮತ್ತೆ ಒಂದು ಅಡಿ. ಬೆವರು ಬಂತು. ಮೂಡಿಗೆರೆಯ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ, ಗೇರ್‌ಬಾಕ್ಸ್ ಒಡೆದುಹೋಯಿತೇನೋ ಎಂದು ಹೇಳಿ ಮುಗಿಸುವ ಮೊದಲೇ ಅವರು ಕೇಳಿದರು: "ಚಿಕ್ಕ ಲಿವರ್ ಯಾವುದರಲ್ಲಿದೆ ನೋಡಿ ಸಾರ್."

4ಎಚ್‌ನಲ್ಲಿತ್ತು. ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನದಲ್ಲಿ. ಬೆಳಿಗ್ಗೆ ತೋಟದ ಕೆಸರಿನ ಏರು ಹತ್ತಲು ಹಾಕಿದ್ದೆ, ತೆಗೆಯಲು ಮರೆತಿದ್ದೆ.

"ಗಾಡಿಗೆ ಏನೂ ಆಗಿಲ್ಲ. ನಿಮಗೆ ಬೈಯುತ್ತಿದೆ, ಅಷ್ಟೆ" ಎಂದರು.

ಆ ಬೈಗುಳದ ಭಾಷೆ ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಕಲಿತ ಮೇಲೆ ತಿಳಿದದ್ದು ಇಷ್ಟು: ಎಂಥ ಸದ್ದು ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು ಮುಖ್ಯ. ನೀವು ಏನನ್ನೋ ಮಾಡಿದಾಗ ಬಂದು, ಅದನ್ನು ನಿಲ್ಲಿಸಿದೊಡನೆ ಹೋಗುವ ಸದ್ದು ಬಹುಪಾಲು ಸಹಜ. ನೀವು ಏನು ಮಾಡಿದರೂ ಬಿಡದೆ ಜೊತೆಗೆ ಬರುವ ಸದ್ದಿಗೆ ಹೆದರಬೇಕು. ಕೆಳಗಿನದೆಲ್ಲ ಈ ಮಾತಿನ ವಿವರಣೆ, ಒಂದೆರಡು ಅಪವಾದಗಳ ಸಮೇತ.

ಮೊದಲು ನಿಮ್ಮ ಗಾಡಿ ಯಾವ ಜಾತಿಯದು ನೋಡಿ

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಗಳೆಲ್ಲ ಒಂದೇ ಅಲ್ಲ. ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಅಥವಾ ತಿರುಗಿಸುವ ಗುಂಡಿ ಇದ್ದು, ಅದರ ಮೇಲೆ 2ಎಚ್ (ಎರಡು ಚಕ್ರ), 4ಎಚ್ (ನಾಲ್ಕು ಚಕ್ರ), 4ಎಲ್ (ನಾಲ್ಕು ಚಕ್ರ, ನಿಧಾನದ ಲೋ ಗೇರ್) ಎಂದು ಬರೆದಿದ್ದರೆ ಅದು ಬಹುತೇಕ ಪಾರ್ಟ್‌ಟೈಮ್ ವ್ಯವಸ್ಥೆ, ಅಂದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವಂಥದ್ದು. ಜಿಪ್ಸಿ, ಜಿಮ್ನಿ, ಥಾರ್, ನಮ್ಮಲ್ಲಿ ಸಿಗುವ ಫಾರ್ಚುನರ್ ಎಲ್ಲ ಇದೇ ಗುಂಪು. ಈ ಲೇಖನ ಮುಖ್ಯವಾಗಿ ಇವುಗಳ ಬಗ್ಗೆ. ಲಿವರೂ ಇಲ್ಲ, ಲೋ ಗೇರೂ ಇಲ್ಲ, ಹಿಂದೆ 'ಎಡಬ್ಲ್ಯುಡಿ' (ಆಲ್ ವೀಲ್ ಡ್ರೈವ್) ಎಂಬ ಫಲಕ ಮಾತ್ರ ಇದೆ ಎಂದರೆ ಅದರ ಸ್ವಭಾವ ಬೇರೆ. ಅದಕ್ಕೆ ಕೊನೆಯಲ್ಲಿ ಒಂದು ಪ್ಯಾರಾ ಇಟ್ಟಿದ್ದೇನೆ.

ಪಾರ್ಟ್‌ಟೈಮ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದನೆಯ ಸರಳು, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ. 2ಎಚ್‌ನಲ್ಲಿ ಹಿಂದಿನದಕ್ಕೆ ಮಾತ್ರ ಶಕ್ತಿ. 4ಎಚ್ ಹಾಕಿದೊಡನೆ ಎರಡೂ ಶಾಫ್ಟ್‌ಗಳು ಒಂದಕ್ಕೊಂದು ಬೆಸುಗೆ ಹಾಕಿದಂತೆ ಕೂಡಿಕೊಳ್ಳುತ್ತವೆ. ಎರಡು ಕಡೆ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರು ನಡುವೆ ಇಲ್ಲ. ಮುಂದಿನ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೋ ಹಿಂದಿನದೂ ಅಷ್ಟೇ ಸುತ್ತು ತಿರುಗಬೇಕು. ಕೆಸರಿನಲ್ಲಿ ಇದು ವರ. ಸಿಮೆಂಟಿನ ಮೇಲೆ ನನಗೆ ಆದದ್ದು ಆಗುತ್ತದೆ.

ಒಂದು ಕಾಲು ತಿರುವಿನ ಲೆಕ್ಕ

ಈ ಹೊಡೆತ ಎಷ್ಟು ಸಹಜ ಎಂದು ನನಗೆ ಮನದಟ್ಟಾದದ್ದು ಕಾಗದದ ಮೇಲೆ ಲೆಕ್ಕ ಹಾಕಿದಾಗ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2,590 ಮಿಲಿಮೀಟರ್. ತಿರುಗುವ ತ್ರಿಜ್ಯ 5.7 ಮೀಟರ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರಗಳು ದೊಡ್ಡ ವೃತ್ತದಲ್ಲಿ, ಹಿಂದಿನವು ಅದರೊಳಗಿನ ಚಿಕ್ಕ ವೃತ್ತದಲ್ಲಿ ಓಡುತ್ತವೆ. ಎತ್ತಿನ ಗಾಡಿ ತಿರುಗಿಸುವಾಗ ಎತ್ತು ಹೆಚ್ಚು ನಡೆಯುತ್ತದೆ, ಗಾಲಿ ಕಡಿಮೆ ಉರುಳುತ್ತದೆ, ಹಾಗೆಯೇ. ಮುಂದಿನ ಆಕ್ಸಲಿನ ಮಧ್ಯಭಾಗ ಸಾಗುವ ವೃತ್ತದ ತ್ರಿಜ್ಯ ಸುಮಾರು 5.1 ಮೀಟರ್, ಹಿಂದಿನದರದ್ದು ಸುಮಾರು 4.4. ಕಾಲು ಸುತ್ತು, ಅಂದರೆ ಗೇಟಿನೊಳಗೆ ಒಂದು ಸಲ ತಿರುಗುವಷ್ಟರಲ್ಲಿ, ಮುಂದಿನದು ಹಿಂದಿನದಕ್ಕಿಂತ ಒಂದು ಮೀಟರಿಗೂ ತುಸು ಹೆಚ್ಚು ದೂರ ಸಾಗಿರುತ್ತದೆ.

ಆ ಗಾಡಿಯ ಟೈರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಹಾಗಾದರೆ ಮುಂದಿನ ಚಕ್ರ ಅರ್ಧ ಸುತ್ತು ಹೆಚ್ಚು ಉರುಳಬೇಕು. ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕು ಸುತ್ತು ತಿರುಗುವುದರಿಂದ, ಮುಂದಿನ ಶಾಫ್ಟ್ ಹಿಂದಿನದಕ್ಕಿಂತ ಎರಡು ಸುತ್ತು ಹೆಚ್ಚು ತಿರುಗಬೇಕು. ಆದರೆ 4ಎಚ್‌ನಲ್ಲಿ ಎರಡೂ ಕೂಡಿಕೊಂಡಿವೆ. ಎರಡು ಸುತ್ತಿನ ತಿರುಚು ಎಲ್ಲಿಗೆ ಹೋಗಬೇಕು? ಒದ್ದೆ ಬಟ್ಟೆ ಹಿಂಡಿದಂತೆ ಶಾಫ್ಟ್, ಗೇರ್, ಆಕ್ಸಲುಗಳಲ್ಲಿ ಒತ್ತಡ ಸೇರುತ್ತಾ ಹೋಗುತ್ತದೆ. ನೆಲ ಸಡಿಲವಾಗಿದ್ದರೆ ಟೈರು ಸದ್ದಿಲ್ಲದೆ ಜಾರಿ ಅದನ್ನು ಬಿಡುತ್ತದೆ. ನೆಲ ಬಿಗಿಯಾಗಿದ್ದರೆ ಟೈರು ಹಿಡಿದುಕೊಳ್ಳುತ್ತದೆ, ಹಿಡಿದುಕೊಳ್ಳುತ್ತದೆ, ಕೊನೆಗೆ ತಡೆಯಲಾರದೆ ಒಮ್ಮೆಲೇ ಜಾರುತ್ತದೆ. ಅದೇ ಧಡ್. ಮತ್ತೆ ಹಿಡಿಯುತ್ತದೆ, ಮತ್ತೆ ಧಡ್. ಕುಂಟುತ್ತಾ ಹಾರಿದಂತೆ ಗಾಡಿ ಸಾಗುವುದು ಇದರಿಂದಲೇ.

ಹೊಡೆತ ಸಹಜ ಎಂದ ಮಾತ್ರಕ್ಕೆ ಸಹಿಸಿಕೊಂಡು ಓಡಿಸಬಹುದು ಎಂದಲ್ಲ. ಒಂದೆರಡು ಸಲ ಆದರೆ ಏನೂ ಆಗದು. ಒಣ ಡಾಂಬರಿನ ಮೇಲೆ ದಿನವೂ ಹೀಗೆ ಓಡಿಸಿದರೆ ಟೈರು ಸವೆಯುತ್ತದೆ, ಶಾಫ್ಟ್ ಬಾಗಿ ತಿರುಗಲು ಬಿಡುವ ಯುನಿವರ್ಸಲ್ ಜಾಯಿಂಟಿನ ಅಡ್ಡಕೀಲು, ಅಂದರೆ ಕ್ರಾಸ್, ಹೋಗುತ್ತದೆ, ಟ್ರಾನ್ಸ್‌ಫರ್ ಕೇಸಿನ ಚೈನು ಅಥವಾ ಗೇರು ಪೆಟ್ಟು ತಿನ್ನುತ್ತದೆ.

ಕಿವಿಗೆ ಪಾಠ: ಖಾಲಿ ಮೈದಾನದಲ್ಲಿ ಒಂದು ಗಂಟೆ

ಹೊಸ ಗಾಡಿ ಬಂದ ಮೊದಲ ಭಾನುವಾರವೇ ಇದನ್ನು ಮಾಡಿಬಿಡಿ. ಮಳೆ ಬಿದ್ದ ಮರುದಿನದ ಹುಲ್ಲುಮೈದಾನ ಅಥವಾ ಜಲ್ಲಿ ಹರಡಿದ ಜಾಗ ಬೇಕು. ಪಕ್ಕದಲ್ಲಿ ತುಂಡು ಸಿಮೆಂಟು ನೆಲವೂ ಇದ್ದರೆ ಒಳ್ಳೆಯದು. ಜೊತೆಗೊಬ್ಬರು ಇರಲಿ, ಗಾಡಿಯ ಹೊರಗಿನಿಂದ ಕೇಳಲು.

ಮೊದಲು 2ಎಚ್‌ನಲ್ಲಿಯೇ ಹತ್ತು ನಿಮಿಷ ಓಡಿಸಿ. ಹಾಡು ಬಂದ್, ಫ್ಯಾನ್ ಬಂದ್, ಕಿಟಕಿ ಪೂರ್ತಿ ಕೆಳಗೆ. ಸಾಧ್ಯವಾದರೆ ಒಂದು ಗೋಡೆಯ ಪಕ್ಕ ನಿಧಾನವಾಗಿ ಸಾಗಿ. ಗಾಡಿಯ ಕೆಳಗಿನ ಸದ್ದು ಗೋಡೆಗೆ ಬಡಿದು ನಿಮ್ಮ ಕಿವಿಗೇ ಬರುತ್ತದೆ. ಇದು ನಿಮ್ಮ ಗಾಡಿಯ ಮಾಮೂಲಿ ದನಿ. ಇದು ಗೊತ್ತಿಲ್ಲದೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದಾಗ ಕೆಳಗಿನಿಂದ ಒಂದು ಸಣ್ಣ ಟಕ್ ಕೇಳಬಹುದು. ಗೇರುಗಳ ಹಲ್ಲಿನ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್ ಎಲ್ಲದರ ಸಂದು ಕೂಡಿದಾಗ ಆ ಟಕ್. ಕಾರಿನಲ್ಲಿ ಇಷ್ಟು ಕೇಳುವುದಿಲ್ಲ, ಏಕೆಂದರೆ ಅಲ್ಲಿ ಇಷ್ಟೊಂದು ಗೇರುಗಳಿಲ್ಲ.

ಇನ್ನು 4ಎಚ್ ಹಾಕಿ. ನೇರವಾಗಿ ಸಾಗುತ್ತಾ, ಆಕ್ಸಿಲರೇಟರ್ ಕ್ಷಣಮಾತ್ರ ಬಿಟ್ಟು ಲಿವರ್ ಎಳೆಯಬೇಕು. ಜಿಮ್ನಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದವರೆಗೂ ಇದಕ್ಕೆ ಅನುಮತಿ ಇದೆ. ಅನುಮತಿ ಇದೆ ಎಂದು ನೂರರಲ್ಲಿ ಮಾಡುವ ಉಮೇದು ನನಗಿಲ್ಲ, ಮೂವತ್ತು ನಲವತ್ತರಲ್ಲಿ ಹಾಕುತ್ತೇನೆ. ನಿಮ್ಮ ಗಾಡಿಯ ಮಿತಿ ಅದರ ಕೈಪಿಡಿಯಲ್ಲಿರುತ್ತದೆ. ಲಿವರಿನದಾದರೆ ಕಟಕ್ ಎಂದು ಕೂರುತ್ತದೆ. ಗುಂಡಿಯದಾದರೆ ಕೆಳಗೆ ಮೋಟಾರು ಒಂದೆರಡು ಸೆಕೆಂಡು ಗುಂಯ್ ಎಂದು, ಆಮೇಲೆ ಟಕ್. ಡ್ಯಾಶ್‌ಬೋರ್ಡಿನ ದೀಪ ಸ್ವಲ್ಪ ಹೊತ್ತು ಮಿನುಗಿ ಸ್ಥಿರವಾದರೆ ಕೆಲಸ ಆಯಿತು. ಹಿಂದಿನ ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುತ್ತಿರುವಾಗ ಮಾತ್ರ ಎಳೆಯಬೇಡಿ. ಒಂದು ಶಾಫ್ಟ್ ಓಡುತ್ತಿದೆ, ಇನ್ನೊಂದು ನಿಂತಿದೆ. ಎರಡನ್ನೂ ಕೂಡಿಸಲು ಹೋದರೆ ಬರುವ ಕರ್‌ರ್ ಸದ್ದು ಹಲ್ಲು ಉಜ್ಜುವ ಸದ್ದು, ಅದರಲ್ಲಿ ಸಹಜವಾದದ್ದು ಏನೂ ಇಲ್ಲ.

ಹಬ್ಬಿನ, ಅಂದರೆ ಮುಂದಿನ ಚಕ್ರವನ್ನು ಆಕ್ಸಲಿಗೆ ಕೂಡಿಸುವ ಬಿಡಿಸುವ ನಡುಭಾಗದ, ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. 1985ರಲ್ಲಿ ಬಂದ ಜಿಪ್ಸಿಯನ್ನು ಓಡಿಸಿದವರಿಗೆ ಮುಂದಿನ ಚಕ್ರದ ಹಬ್ಬನ್ನು ಕೆಸರಿಗಿಳಿದು ಕೈಯಿಂದ ತಿರುಗಿಸಿದ ನೆನಪು ಇರುತ್ತದೆ. ಜಿಮ್ನಿಯಲ್ಲಿ ಅದೇ ಕೆಲಸವನ್ನು ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಎಳೆಯುವ ಬಲ) ಮಾಡುತ್ತದೆ. ಹಾಗಾಗಿ 4ಎಚ್‌ಗೆ ಬಂದ ಒಂದು ಕ್ಷಣದ ನಂತರ ಮುಂದಿನ ಚಕ್ರಗಳ ಕಡೆಯಿಂದ ಇನ್ನೊಂದು ಮೆಲುವಾದ ಟಿಕ್ ಬಂದರೆ ಆಶ್ಚರ್ಯಪಡಬೇಡಿ.

4ಎಚ್‌ನಲ್ಲಿ ಹುಲ್ಲಿನ ಮೇಲೆ ನೇರವಾಗಿ ಓಡಿಸಿದಾಗ ಒಂದು ತೆಳುವಾದ ಗುಂಯ್‌ಗುಡುವಿಕೆ ಹೊಸದಾಗಿ ಸೇರಿರುತ್ತದೆ. ಇಷ್ಟು ಹೊತ್ತು ನಿಂತಿದ್ದ ಮುಂದಿನ ಶಾಫ್ಟ್, ಆಕ್ಸಲಿನ ನಡುವಿನ ಕ್ರೌನ್, ಪಿನಿಯನ್ ಎಂಬ ಗೇರುಗಳು ಈಗ ತಿರುಗುತ್ತಿವೆ, ಅದಕ್ಕೆ. ಸ್ಟಿಯರಿಂಗ್ ಸ್ವಲ್ಪ ಭಾರವಾಗುತ್ತದೆ, ತಿರುಗಿಸಿದರೆ ತಾನೇ ನೇರಕ್ಕೆ ಬರಲು ಹವಣಿಸುತ್ತದೆ, ಗಾಡಿ ನೀವಂದುಕೊಂಡದ್ದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ. ಎಲ್ಲವೂ ಮೇಲಿನ ಲೆಕ್ಕದ ಫಲವೇ.

ಈಗ ಸಿಮೆಂಟಿಗೆ ಬನ್ನಿ. ನಡಿಗೆಯ ವೇಗದಲ್ಲಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಎರಡು ಮೂರು ಮೀಟರ್ ಮಾತ್ರ ಸಾಗಿ. ಮೊದಲು ಬ್ರೇಕ್ ಹಿಡಿದಂತೆ ಬಿಗಿತ, ಆಮೇಲೆ ಆ ಧಡ್. ಒಮ್ಮೆ ಸಾಕು. ಈ ಒಂದು ಹೊಡೆತ ಸೊಂಟಕ್ಕೆ ಗುರುತಾಗಿದ್ದರೆ ಮುಂದೆಂದೂ ನಿಮಗೆ ನನ್ನಂತೆ ಬೆವರುವ ಪ್ರಸಂಗ ಬರುವುದಿಲ್ಲ. ಹೊರಗೆ ನಿಂತವರಿಗೆ ಟೈರಿನ ಅಂಚು ಹೇಗೆ ತಿರುಚಿಕೊಂಡು ಜಾರುತ್ತದೆ ಎಂದು ನೋಡಲು ಹೇಳಿ, ಅದು ಕಣ್ಣಿಗೇ ಕಾಣುತ್ತದೆ.

ತೆಗೆಯುವಾಗ ಲಿವರ್ ಬರದಿದ್ದರೆ

ಹಾಕುವುದಕ್ಕಿಂತ ತೆಗೆಯುವಾಗಲೇ ಹೆಚ್ಚು ಜನ ಗಾಬರಿಯಾಗುವುದು. ಬಿಗಿನೆಲದ ಮೇಲೆ ತಿರುಗಿಸಿದ ಮೇಲೆ ಲಿವರನ್ನು 2ಎಚ್‌ಗೆ ತಳ್ಳಿದರೆ ಅಂಟು ಹಾಕಿದಂತೆ ಕೂತಿರುತ್ತದೆ. ಅಥವಾ ಲಿವರ್ ಬಂದರೂ ದೀಪ ಆರುವುದಿಲ್ಲ. ತಿರುಚಿನ ಒತ್ತಡಕ್ಕೆ ಗೇರಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುವುದೇ ಕಾರಣ. ಬಲ ಪ್ರಯೋಗಿಸಬೇಡಿ. ಸ್ಟಿಯರಿಂಗ್ ನೇರ ಮಾಡಿ, ಬಂದ ದಾರಿಯಲ್ಲೇ ನಾಲ್ಕೈದು ಮೀಟರ್ ಹಿಂದಕ್ಕೆ ಹೋಗಿ, ಲಿವರಿನ ಮೇಲೆ ಮೆಲ್ಲಗೆ ಒತ್ತಡ ಇಟ್ಟಿರಿ. ಆಗಲಿಲ್ಲವೆಂದರೆ ಒಂದು ಬದಿಯ ಚಕ್ರಗಳನ್ನು ಮಣ್ಣಿಗೆ ಇಳಿಸಿ. ಒತ್ತಡ ಬಿಟ್ಟಾಗ ಲಿವರ್ ತಾನೇ ಜಾರಿ ಬರುತ್ತದೆ, ಕೆಳಗಿನಿಂದ ಒಂದು ದೊಡ್ಡ ಧಡಕ್ ಕೇಳುತ್ತದೆ. ಎದೆ ಝಲ್ ಎನ್ನುವಂಥ ಸದ್ದೇ ಅದು, ಆದರೂ ಸಹಜ. ನಾನಂತೂ ಶೆಡ್ಡಿನ ಗೋಡೆಯ ಮೇಲೆ ಸುಣ್ಣದಲ್ಲಿ 'ಲಿವರ್' ಎಂದು ಬರೆಸಿಬಿಟ್ಟಿದ್ದೇನೆ. ಬಂದವರೆಲ್ಲ ಅದೇನೆಂದು ಕೇಳುತ್ತಾರೆ.

ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ 4ಎಚ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ನೆಂದ ಡಾಂಬರು ನೋಡಲು ಜಾರು, ಆದರೆ ಒಳ್ಳೆಯ ಟೈರಿಗೆ ಅದೂ ಸಾಕಷ್ಟು ಬಿಗಿಯೇ. ಹೇರ್‌ಪಿನ್ ತಿರುವಿನಲ್ಲಿ ಅದೇ ಜಗ್ಗಾಟ ಬರುತ್ತದೆ, ಸ್ಟಿಯರಿಂಗ್ ಕೊಟ್ಟಷ್ಟು ಗಾಡಿ ತಿರುಗುವುದಿಲ್ಲ. ಗುಡ್ಡ ಕುಸಿದು ರಸ್ತೆಯ ಮೇಲೆ ಮಣ್ಣು ಹರಿದಿದ್ದರೆ ಆ ಭಾಗಕ್ಕೆ ಮಾತ್ರ ಹಾಕಿ ತೆಗೆಯುತ್ತೇನೆ. ಉಳಿದಂತೆ ನನಗೆ 2ಎಚ್ ಮತ್ತು ಕಡಿಮೆ ವೇಗ ಸಾಕು.

4ಎಲ್: ಗಲಾಟೆಯ ಗೇರು

ಲೋ ಗೇರಿಗೆ ಗಾಡಿ ನಿಂತಿರಬೇಕು, ಕ್ಲಚ್ ಪೂರ್ತಿ ಒತ್ತಿರಬೇಕು, ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್‌ನಲ್ಲಿರಬೇಕು. ಕೆಲವು ಸಲ ಹಲ್ಲಿಗೆ ಹಲ್ಲು ಎದುರಾಗಿ ಕರಕರ ಎಂದು ಒಳಗೆ ಹೋಗುವುದಿಲ್ಲ. ಲಿವರ್ ವಾಪಸ್ ತಂದು, ಕ್ಲಚ್ ಒಮ್ಮೆ ಬಿಟ್ಟು ಒತ್ತಿ, ಮತ್ತೆ ಪ್ರಯತ್ನಿಸಿ. ಗಾಡಿ ಅಂಗೈ ಅಗಲ ಉರುಳಿದರೂ ಸಾಕು, ಹಲ್ಲು ಕೂಡಿಕೊಳ್ಳುತ್ತದೆ.

ಒಳಗೆ ಹೋದ ಮೇಲೆ ಗಾಡಿಯೇ ಬೇರೆ. ಜಿಮ್ನಿಯಲ್ಲಿ ಚಕ್ರದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಥಾರ್‌ನಲ್ಲಿ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. ಎಂಜಿನ್ ಗಂಟಲು ಹರಿದುಕೊಂಡರೂ ಗಾಡಿ ನಡೆಯುವವನ ಜೊತೆಗಿರುತ್ತದೆ. ಹಳೆಯ ಲಾರಿ ರಿವರ್ಸ್ ತೆಗೆಯುವಾಗ ಕೇಳುವಂಥ ಕೂಗು ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ, ವೇಗದ ಜೊತೆ ಏರಿಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟೊಡನೆ ಮುಗ್ಗರಿಸಿದಂತೆ ಹೊಡೆಯುತ್ತದೆ, ಏಕೆಂದರೆ ಎಂಜಿನ್ನಿನ ತಡೆಯೂ ಅಷ್ಟೇ ಪಟ್ಟು ಹೆಚ್ಚಾಗಿದೆ. ಈ ಮುಗ್ಗರಿಕೆಗೆ ಮದ್ದು ಗ್ಯಾರೇಜಿನಲ್ಲಿಲ್ಲ, ನಿಮ್ಮ ಪಾದದಲ್ಲಿದೆ: ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿ, ಹಾಗೆಯೇ ಬಿಡಿ.

ಬ್ರೇಕಿನಿಂದ ಬರುವ ಸದ್ದುಗಳು

ಹಳೆಯ ಜೀಪಿನವರಿಗೆ ಗೊತ್ತಿಲ್ಲದ ಕೆಲವು ಸದ್ದುಗಳು ಹೊಸ ಗಾಡಿಗಳಲ್ಲಿವೆ. ಒಂದು ಚಕ್ರ ಗಾಳಿಯಲ್ಲಿ ಗಿರಗಿರ ತಿರುಗಿದಾಗ ಗಾಡಿ ತಾನೇ ಆ ಚಕ್ರದ ಬ್ರೇಕ್ ಹಿಡಿದು ಇನ್ನೊಂದಕ್ಕೆ ಶಕ್ತಿ ಕಳಿಸುತ್ತದೆ. ಆಗ ಗರ್, ಗರ್, ಟಕಟಕ ಎಂಬ ಸದ್ದು ಬಾನೆಟ್ಟಿನ ಒಳಗಿನಿಂದ ಬರುತ್ತದೆ. ಬ್ರೇಕ್ ಹಿಡಿದು ಬಿಡುವ ಎಬಿಎಸ್ ಪಂಪು ಕೆಲಸ ಮಾಡುವ ಸದ್ದು. ಇಳಿಜಾರಿನಲ್ಲಿ ಹಿಲ್ ಡಿಸೆಂಟ್ ಗುಂಡಿ ಒತ್ತಿದರೂ ಇದೇ ಗರಗರ, ಜೊತೆಗೆ ಬ್ರೇಕ್ ಪೆಡಲ್ ಕಾಲ ಕೆಳಗೆ ನಡುಗುತ್ತದೆ. ನಮ್ಮ ಮನೆಯವರು ಮೊದಲ ಸಲ ಇದನ್ನು ಕೇಳಿ ಕೆಳಗೆ ಕಲ್ಲು ಸಿಕ್ಕಿಕೊಂಡಿದೆ ಎಂದು ಗಾಡಿ ನಿಲ್ಲಿಸಿ ಬಗ್ಗಿ ನೋಡಿದ್ದರು.

ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲಿಗೆ ತಾನಾಗಿ ಬೀಗ ಹಾಕಿಕೊಳ್ಳುವ ಡಿಫರೆನ್ಷಿಯಲ್ ಇದೆ. ಎಡ ಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅದು ಕಚ್ಚಿಕೊಳ್ಳುತ್ತದೆ. ಅಂದರೆ ಚಕ್ರ ಸ್ವಲ್ಪ ಹೊತ್ತು ವ್ಯರ್ಥವಾಗಿ ತಿರುಗಬೇಕು, ಆಮೇಲೆ ಹಿಂದಿನಿಂದ ದೊಡ್ಡ ಧಡ್, ಗಾಡಿ ಮುಂದಕ್ಕೆ ಜಿಗಿಯುತ್ತದೆ. ಆಕ್ಸಲ್ ತುಂಡಾಯಿತು ಎಂದೇ ಅನ್ನಿಸುತ್ತದೆ. ತುಂಡಾಗಿದ್ದರೆ ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಇವುಗಳಿಗೆ ಮಾತ್ರ ಹೆದರಿ

ಸದ್ದನ್ನು ಹೇಳಲು ಕನ್ನಡದಲ್ಲಿ ಪದಗಳ ಬರವಿಲ್ಲ, ಒಳ್ಳೆಯ ಮೆಕ್ಯಾನಿಕ್‌ಗೆ ಆ ಪದಗಳೇ ಸಾಕು.

ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರದ ವೇಗಕ್ಕೆ ತಾಳ ಹಾಕಿದಂತೆ ಟಿಕ್ ಟಿಕ್ ಟಿಕ್ ಬರುವುದು, ಅದೂ 2ಎಚ್‌ನಲ್ಲಾಗಲಿ ಹುಲ್ಲಿನ ಮೇಲಾಗಲಿ ಬರುವುದು, ಮುಂದಿನ ಚಕ್ರದ ಜಾಯಿಂಟ್ ಸವೆದ ಗುರುತು. ಚಕ್ರದ ಹಿಂದೆ ಕೈ ಹಾಕಿ ನೋಡಿ, ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿರಬಹುದು, ಸೀಲ್ ಸೋರುತ್ತಿರಬಹುದು.

ಕ್ಲಚ್ ಬಿಟ್ಟು ಹೊರಡುವಾಗಲೆಲ್ಲ ಲೊಟಕ್ ಎಂಬ ಲೋಹದ ಪೆಟ್ಟು, ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದೆ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿದೆ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಎಂಜಿನ್ ಬಂದ್ ಮಾಡಿ ಶಾಫ್ಟನ್ನು ಕೈಯಿಂದ ಹಿಡಿದು ತಿರುಚಿ. ಒಂದಿಷ್ಟು ಸಡಿಲ ಇದ್ದೇ ಇರುತ್ತದೆ. ಆದರೆ ಕ್ರಾಸಿನ ಎರಡು ಬದಿಗಳು ಬೇರೆಬೇರೆಯಾಗಿ ಅಲುಗಾಡಬಾರದು. ಅಷ್ಟಕ್ಕೂ ಮೊದಲು ಗ್ರೀಸ್ ಹೊಡೆಸಿ ನೋಡಿ, ಎಷ್ಟೋ ಲೊಟಕ್‌ಗಳು ಅಲ್ಲಿಗೇ ನಿಲ್ಲುತ್ತವೆ.

ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್ ಸದ್ದಿನಲ್ಲಿ ಮೂರು ಕಳ್ಳರು ಅಡಗಿರುತ್ತಾರೆ. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಓಲಾಡಿಸಿದಾಗ ಸದ್ದು ಏರಿಳಿದರೆ ಚಕ್ರದ ಬೇರಿಂಗ್. ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಆದರೆ ಕ್ರೌನ್ ಪಿನಿಯನ್. ರಸ್ತೆ ಬದಲಾದಂತೆ ಬದಲಾದರೆ ಟೈರು. ಕೆಸರಿನ ಟೈರು ಹಾಕಿಸಿಕೊಂಡವರು ಡಾಂಬರಿನ ಮೇಲೆ ಆ ಕೂಗನ್ನು ಸಹಿಸಿಕೊಳ್ಳಲೇಬೇಕು.

ಹಳ್ಳ ದಾಟಿದ ವಾರದಲ್ಲಿ ಹೊಸ ಕೂಗು ಶುರುವಾದರೆ ತಡಮಾಡಬೇಡಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನಿಂದಲೋ ಗಾಳಿಯಾಡಲು ಇಟ್ಟ, ಕೆಟ್ಟುಹೋದ ಬ್ರೀದರ್‌ನಿಂದಲೋ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದೇ.

ಮೇಲಿನ ನಿಯಮಕ್ಕೆ ಅಪವಾದ ಎಂದೆನಲ್ಲ, ಅದು ಟೈರಿನದು. ನಮ್ಮ ಪಕ್ಕದ ತೋಟದವರ ಗಾಡಿ 4ಎಚ್‌ನಲ್ಲಿ ನೇರ ರಸ್ತೆಯಲ್ಲೂ ಬಿಗಿದುಕೊಳ್ಳುತ್ತಿತ್ತು, ಲಿವರ್ ವಾಪಸ್ ಬರುತ್ತಿರಲಿಲ್ಲ. ಒಂದು ವರ್ಕ್‌ಶಾಪಿನಲ್ಲಿ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕು ಎಂದಿದ್ದರು. ನೋಡಿದರೆ ಹಿಂದಿನ ಎರಡು ಟೈರು ಹೊಸದು, ಮುಂದಿನವು ಬೋಳು. ಸವೆದ ಟೈರಿನ ಸುತ್ತಳತೆ ಕಡಿಮೆ, ಆದ್ದರಿಂದ ನೇರ ಸಾಗುವಾಗಲೂ ತಿರುಚು ಸೇರುತ್ತಲೇ ಇರುತ್ತದೆ. ಬಿಚ್ಚುವ ಮಾತಿಗೆ ಮೊದಲು ನಾಲ್ಕೂ ಟೈರಿನ ಅಳತೆ, ಸವೆತ, ಗಾಳಿ ಒಂದೇ ಇದೆಯೇ ನೋಡಿ.

ಲಿವರಿಲ್ಲದ ಎಡಬ್ಲ್ಯುಡಿ ಗಾಡಿಗಳ ಮಾತು ಚಿಕ್ಕದು. ಅಲ್ಲಿ ಬೇಕಾದಾಗ ಕೂಡಿ ಬೇಡವಾದಾಗ ಬಿಡುವ ಕ್ಲಚ್ ಫಲಕಗಳಿವೆ, ಹಾಗಾಗಿ ಸಿಮೆಂಟಿನ ಮೇಲೆ ತಿರುಗಿಸಿದರೂ ಧಡ್ ಬರಬಾರದು. ಬಂದರೆ, ಅಥವಾ ಪಾರ್ಕಿಂಗ್ ಮಾಡುವಾಗ ಹಿಂದಿನಿಂದ ನಡುಕ ಬಂದರೆ, ಟೈರು ನೋಡಿ, ಆಮೇಲೆ ಎಣ್ಣೆ ಬದಲಿಸಿ. ನನ್ನ ಗಾಡಿಗೆ ಸಹಜವಾದದ್ದು ಅದಕ್ಕೆ ಕಾಯಿಲೆ.

ಗ್ಯಾರೇಜಿಗೆ ಹೋಗುವ ಮೊದಲು ಮೊಬೈಲಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಅಲ್ಲಿಗೆ ಹೋದಾಗ ಅದು ಬಾರದೇ ಇರುವುದು ಎಲ್ಲರ ಅನುಭವ. ಲಿವರ್ ಎಲ್ಲಿತ್ತು, ನೆಲ ಎಂಥದ್ದು, ನೇರವೋ ತಿರುವೋ, ಕಾಲು ಆಕ್ಸಿಲರೇಟರಿನ ಮೇಲಿತ್ತೋ ಇಲ್ಲವೋ, ಈ ನಾಲ್ಕನ್ನೂ ಹೇಳಿ. ಆಕ್ಸಲಿನ ಎಣ್ಣೆ ಇಳಿಸುವಾಗ ಪಕ್ಕದಲ್ಲೇ ನಿಂತು ಡ್ರೈನ್ ಬೋಲ್ಟನ್ನು ಕೇಳಿ ಪಡೆಯಿರಿ. ಹಲವು ಗಾಡಿಗಳಲ್ಲಿ ಅದರ ತುದಿಗೆ ಆಯಸ್ಕಾಂತ ಇರುತ್ತದೆ. ಬೆರಳಲ್ಲಿ ಒರೆಸಿದರೆ ಬೂದಿಯಂಥ ನುಣುಪಾದ ಪೇಸ್ಟ್ ಬಂದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು ಬಂದರೆ ಗಾಡಿ ಅಲ್ಲೇ ಇರಲಿ, ನೀವು ಬಸ್ಸಿನಲ್ಲಿ ಮನೆಗೆ ಬನ್ನಿ.